ಹಿಂದಿನ ಕ್ಯಾಬ್‌ನ ಗೆಳೆಯ

ವೇದಿಕೆಯ ಮೇಲಿರುವ ಹಿರಿಯರಿಗೆ, ಗೆಳೆಯನ ಹೆಂಡತಿ ನಮ್ಮ ವೈನಿಯವರಿಗೆ, ಡ್ಯೂಟಿ ಮುಗಿಸಿ ನೇರವಾಗಿ ಮುಂಬೈಯ ಮಾಟುಂಗಾಕ್ಕೆ ಬಂದಿರುವ ನಮ್ಮ ರೈಲ್ವೆ ಬಂಧುಗಳಿಗೆ ನಮಸ್ಕಾರ. ನಮ್ಮನ್ನಗಲಿದ ಗೆಳೆಯ, ಲೋಕಲ್ ಗಾಡಿಯ ಗಾರ್ಡ್ ಆಗಿದ್ದವನು, ಅವನ ಬಗ್ಗೆ ನಾನು ಏಕವಚನದಲ್ಲೇ ಮಾತಾಡುತ್ತೇನೆ. ವೈನಿಯವರ ಒಪ್ಪಿಗೆ ಕೇಳಿಕೊಂಡಿದ್ದೇನೆ.

ಲೋಕಲ್ ಗಾಡಿ ಓಡಿಸುವ ಮೋಟರ್‌ಮನ್ ಎಲ್ಲರಿಗೂ ಗೊತ್ತು. ಗಾರ್ಡ್ ಅಂದರೆ ಸುಮ್ನೆ ಹಿಂದೆ ನಿಂತು ಹೋಗುವವನು ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ನಾನು ಮುಂದಿನ ಕ್ಯಾಬ್‌ನಲ್ಲಿ, ಅವನು ಹಿಂದಿನದರಲ್ಲಿ. ನಡುವೆ 12 ಡಬ್ಬಿ, ಸುಮಾರು 250 ಮೀಟರ್. ಅವನು ಎರಡು ಬೆಲ್ ಕೊಡದೆ ನಾನು ಗಾಡಿ ತೆಗೆಯುವಂತಿಲ್ಲ. ಒಂದು ಬೆಲ್ ಬಂದರೆ ನಿಲ್ಲಿಸಲೇಬೇಕು. ದಾದರ್‌ನಲ್ಲಿ ಸಂಜೆ ಹೊತ್ತು ಅವನ ಬೆಲ್ ಒಂದಿಷ್ಟು ತಡವಾಗುತ್ತಿತ್ತು. ಕಂಬಿ ಹಿಡಿದವರ ಕಾಲು ಒಳಗೆ ಊರುವವರೆಗೆ ಬೆರಳು ಬಟನ್ ಮೇಲೆ ಹೋಗುತ್ತಿರಲಿಲ್ಲ. ಲೇಟಾಯ್ತಲ್ಲೋ ಅಂದರೆ, “ಆ ಅರ್ಧ ನಿಮಿಷ ಪ್ಯಾಸೆಂಜರದ್ದಪ್ಪಾ, ಟೈಮ್‌ಟೇಬಲ್‌ದಲ್ಲ” ಅನ್ನುತ್ತಿದ್ದ.

2005ರ ಜುಲೈ 26 ನಿಮಗೆ ಯಾರಿಗೂ ಮರೆತಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರ್ ಮಳೆ, ಇತ್ತ ಮೀಠಿ ನದಿ ಉಕ್ಕಿತ್ತು. ಸಯನ್ ಬಿಟ್ಟು ಕುರ್ಲಾ ಮುಟ್ಟುವ ಮುಂಚೆ ನಮ್ಮ ಗಾಡಿ ನಿಂತಿತು. ಹಳಿ ಕಾಣಿಸುತ್ತಿರಲಿಲ್ಲ. ಡಬ್ಬಿಯಿಂದ ಡಬ್ಬಿಗೆ ಒಳಗಿಂದ ದಾರಿ ಇಲ್ಲವಲ್ಲ, ಇವನು ಕೈಯಲ್ಲಿ ಲ್ಯಾಂಪ್ ಹಿಡಿದು ನೀರಿಗಿಳಿದ. ಒಂದೊಂದು ಬಾಗಿಲ ಹತ್ತಿರವೂ ನಿಂತು, ಮರಾಠಿ, ಹಿಂದಿ, ಕನ್ನಡದಲ್ಲಿ, “ಕತ್ತಲಲ್ಲಿ ಇಳಿಯಬೇಡಿ, ನಾನು ಇಲ್ಲೇ ಇದ್ದೀನಿ” ಅಂತ ಹೇಳಿಕೊಂಡು ಬಂದ. ನನ್ನ ಕ್ಯಾಬ್ ತಲುಪಿದಾಗ ಪ್ಯಾಂಟು ಸೊಂಟದವರೆಗೆ ತೊಯ್ದಿತ್ತು. ಮತ್ತೆ ಹಾಗೇ ವಾಪಸ್ ಹೋದ.

ಒಂದು ಡಬ್ಬಿಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜ ಒಬ್ಬರು ತಲೆ ಸುತ್ತಿ ಕೂತಿದ್ದರು. ಇವನು ತನ್ನ ಊಟದ ಡಬ್ಬಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟ. ಅಜ್ಜನಿಗೆ ಸ್ವಲ್ಪ ಜೀವ ಬಂತು. ಬಂದದ್ದೇ ತಡ, ಈ ಚಟ್ನಿ ಹೇಗೆ ಮಾಡೋದು ಅಂತ ಕೇಳಿದರಂತೆ! ಇವನೋ, ಶೇಂಗಾ ಎಷ್ಟು ಹುರಿಯಬೇಕು, ಬೆಳ್ಳುಳ್ಳಿ ಯಾವಾಗ ಹಾಕಬೇಕು, ಎಲ್ಲಾ ಹೇಳಿದ. ಡಬ್ಬಿಯಲ್ಲಿದ್ದವರೆಲ್ಲ ಕಿವಿಗೊಟ್ಟು ಕೇಳಿದರು. ವೈನೀ, ನಿಮ್ಮ ಚಟ್ನಿ ಆ ರಾತ್ರಿ ಎಷ್ಟೋ ಮನೆಗೆ ಹೋಯಿತು. ಬೆಳಕಾದ ಮೇಲೆ ಜನ ಹಳಿ ಹಿಡಿದು ನಡೆದರು. ಇವನು ಕೊನೆಯವರು ಇಳಿಯುವವರೆಗೆ ಗಾಡಿ ಬಿಟ್ಟು ಹೋಗಲಿಲ್ಲ. ಅಲ್ಲೂ ಅದೇ ಮಾತು ನೋಡಿ, ಹೊತ್ತು ಪ್ಯಾಸೆಂಜರದ್ದು.

2022ರಲ್ಲಿ ಗಾರ್ಡ್ ಹುದ್ದೆಗೆ ಟ್ರೇನ್ ಮ್ಯಾನೇಜರ್ ಅಂತ ಹೆಸರು ಬಂತು. ಅಷ್ಟರಲ್ಲಿ ಅವನು ರಿಟೈರ್ ಆಗಿದ್ದ. ಹೆಸರು ಕೇಳಿ ಖುಷಿಪಟ್ಟ. ಈಗಿನ ಹುಡುಗರಿಗಾದರೂ ಮರ್ಯಾದೆ ಸಿಗಲಿ ಅಂದ.

ಯೂನಿಯನ್ ಕೆಲಸ, ರಾತ್ರಿಶಾಲೆಯ ಪಾಠ, ಗಣೇಶೋತ್ಸವದ ನಾಟಕ, ಇವೆಲ್ಲ ಹೇಳಬೇಕಂತ ಬರೆದುಕೊಂಡು ಬಂದಿದ್ದೆ. ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಒಂದೇ ವಿಷಯ ಹೇಳಿ ಮುಗಿಸುತ್ತೇನೆ. ಅವನು ಭಾನುವಾರ ಬೆಳಿಗ್ಗೆ ನಮ್ಮ ಮಕ್ಕಳಿಗೆ ನಡೆಸುತ್ತಿದ್ದ ಕನ್ನಡ ಕ್ಲಾಸ್ ನಿಂತಿಲ್ಲ, ವೈನಿಯವರು ಒಬ್ಬರೇ ನಡೆಸುತ್ತಿದ್ದಾರೆ. ಇನ್ನಿಬ್ಬರು ಬೇಕು. ರಿಟೈರ್ ಆದವರು ಇಲ್ಲಿ ಜಾಸ್ತಿ ಇದ್ದೀರಿ. ಚಹಾ ಕುಡಿಯುವಾಗ ದಯವಿಟ್ಟು ನನ್ನ ಹತ್ತಿರ ಹೆಸರು ಬರೆಸಿ ಹೋಗಿ.