ಪದಕಪಟ್ಟಿಯ ಲೆಕ್ಕಾಚಾರ

ಕೇಳುಗರೆಲ್ಲರಿಗೂ ನಮಸ್ಕಾರ.

2010ರ ಅಕ್ಟೋಬರ್ ತಿಂಗಳಲ್ಲಿ ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆದಾಗ ನಾನು ಬೆಳಗಾವಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ದಸರಾ ರಜೆ ಮುಗಿದು ಶಾಲೆ ತೆರೆದ ದಿನ, ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದ ಅಂತಿಮ ಪದಕಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದೆ. ಆಸ್ಟ್ರೇಲಿಯಾ ಮೊದಲು, ಭಾರತ ಎರಡನೆಯದು, ಇಂಗ್ಲೆಂಡ್ ಮೂರನೆಯದು. ತರಗತಿಯಲ್ಲಿ ಜೋರಾಗಿ ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, ಭಾರತದ ಒಟ್ಟು ಪದಕಗಳು 101, ಇಂಗ್ಲೆಂಡಿನವು 142, ಹಾಗಿದ್ದೂ ನಾವು ಮೇಲಿರುವುದು ಹೇಗೆ ಎಂದು ಕೇಳಿದಳು. ಆ ದಿನದ ಪಾಠವನ್ನು ಬದಿಗಿಟ್ಟು ಇಡೀ ಅವಧಿಯನ್ನು ಅವಳ ಪ್ರಶ್ನೆಗೇ ಕೊಟ್ಟೆ. ಇಂದಿನ ಭಾಷಣವೂ ಅದೇ ಪ್ರಶ್ನೆಯಿಂದ ಹುಟ್ಟಿದ್ದು.

ಉತ್ತರ ಇಷ್ಟೇ: ಭಾರತದ ಚಿನ್ನ 38, ಇಂಗ್ಲೆಂಡಿನ ಚಿನ್ನ 37. ಪದಕಪಟ್ಟಿಯಲ್ಲಿ ಮೊದಲು ಚಿನ್ನವನ್ನು ಮಾತ್ರ ನೋಡುತ್ತಾರೆ. ಚಿನ್ನ ಸಮವಾದರೆ ಬೆಳ್ಳಿ, ಬೆಳ್ಳಿಯೂ ಸಮವಾದರೆ ಕಂಚು. ನಿಘಂಟಿನಲ್ಲಿ ಮೊದಲ ಅಕ್ಷರ ಬೇರೆಯಾದರೆ ಎರಡನೆಯ ಅಕ್ಷರವನ್ನು ಯಾರೂ ನೋಡುವುದಿಲ್ಲವಲ್ಲ, ಇದೂ ಹಾಗೆಯೇ. ನಮ್ಮ ಶಹಾಪುರದ ಸರಾಫರ ಅಂಗಡಿಯಲ್ಲಿ ಒಂದು ತೊಲೆ ಬಂಗಾರಕ್ಕೆ ಇಷ್ಟು ಬೆಳ್ಳಿ ಎಂಬ ಲೆಕ್ಕ ಇದ್ದೇ ಇರುತ್ತದೆ. ಸಾಕಷ್ಟು ಬೆಳ್ಳಿಯನ್ನು ತಕ್ಕಡಿಗೆ ಹಾಕಿದರೆ ಬಂಗಾರದ ಬೆಲೆಗೆ ಸರಿದೂಗುತ್ತದೆ. ಪದಕಪಟ್ಟಿಯ ತಕ್ಕಡಿಯಲ್ಲಿ ಎಷ್ಟು ಬೆಳ್ಳಿ ಸುರಿದರೂ ಒಂದೇ ಒಂದು ಚಿನ್ನಕ್ಕೆ ಅದು ಸಮವಾಗದು. ಇಂಗ್ಲೆಂಡಿನ 41 ಹೆಚ್ಚುವರಿ ಪದಕಗಳು ಒಂದು ಚಿನ್ನದ ಮುಂದೆ ಸೋತದ್ದು ಈ ಕಾರಣದಿಂದ.

ಆ ಒಂದು ಚಿನ್ನ ಬಂದ ಬಗೆಯನ್ನು ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಅಕ್ಟೋಬರ್ 14, ಕೂಟದ ಕೊನೆಯ ದಿನ. ಹಾಕಿ ಫೈನಲ್‌ನಲ್ಲಿ ಆಸ್ಟ್ರೇಲಿಯಾ ನಮ್ಮನ್ನು 8-0 ಗೋಲುಗಳಿಂದ ಸೋಲಿಸಿತು. ಬ್ಯಾಡ್ಮಿಂಟನ್ ಅಂಗಣದಲ್ಲಿ ಜ್ವಾಲಾ ಗುಟ್ಟಾ ಮತ್ತು ನಮ್ಮ ಕರ್ನಾಟಕದ ಅಶ್ವಿನಿ ಪೊನ್ನಪ್ಪ ಮಹಿಳೆಯರ ಡಬಲ್ಸ್ ಚಿನ್ನ ಗೆದ್ದರು. ಉಳಿದದ್ದು ಸೈನಾ ನೆಹ್ವಾಲ್ ಅವರ ಸಿಂಗಲ್ಸ್ ಫೈನಲ್. ಮಲೇಷ್ಯಾದ ವಾಂಗ್ ಮ್ಯೂ ಚೂ ಎದುರು ಮೊದಲ ಗೇಮನ್ನು 19-21ರಿಂದ ಕಳೆದುಕೊಂಡು, ಎರಡನೆಯ ಗೇಮಿನಲ್ಲಿ ಎದುರಾಳಿ ಇನ್ನೊಂದೇ ಅಂಕ ಪಡೆದರೆ ಪಂದ್ಯವೇ ಮುಗಿಯುವ ಹಂತಕ್ಕೆ ಬಂದು, ಅಲ್ಲಿಂದ ಎದ್ದು 23-21, 21-13ರಿಂದ ಸೈನಾ ಗೆದ್ದರು. ಆ ಒಂದು ಅಂಕ ಅತ್ತ ಹೋಗಿದ್ದರೆ ನಾನು ಕರಿಹಲಗೆಯ ಮೇಲೆ ಇಂಗ್ಲೆಂಡನ್ನು ಎರಡನೆಯದಾಗಿಯೂ ಭಾರತವನ್ನು ಮೂರನೆಯದಾಗಿಯೂ ಬರೆಯುತ್ತಿದ್ದೆ. ಹನ್ನೆರಡು ದಿನಗಳ ಕಾಲ ನೂರಾರು ಕ್ರೀಡಾಪಟುಗಳು ಪಟ್ಟ ಶ್ರಮ ಒಂದು ಷಟ್ಲ್‌ಕಾಕಿನ ತುದಿಯಲ್ಲಿ ನಿಂತಿತ್ತು.

ಇಂಥದ್ದು ನಮಗೆ ಮಾತ್ರ ಆಗಿದ್ದಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಅಮೆರಿಕ ಮತ್ತು ಚೀನಾ ಎರಡೂ ತಲಾ 40 ಚಿನ್ನ ಗೆದ್ದವು. 44 ಬೆಳ್ಳಿಯ ಅಮೆರಿಕ 27 ಬೆಳ್ಳಿಯ ಚೀನಾವನ್ನು ಹಿಂದಿಕ್ಕಿ ಮೊದಲ ಸ್ಥಾನ ಪಡೆಯಿತು. ಅಮೆರಿಕದ 40ನೆಯ ಚಿನ್ನ ಬಂದದ್ದು ಕೂಟದ ಕೊನೆಯ ಸ್ಪರ್ಧೆಯಾದ ಮಹಿಳೆಯರ ಬಾಸ್ಕೆಟ್‌ಬಾಲ್ ಫೈನಲ್‌ನಲ್ಲಿ, ಫ್ರಾನ್ಸ್ ವಿರುದ್ಧ 67-66ರಿಂದ, ಅಂದರೆ ಒಂದೇ ಅಂಕದ ಅಂತರದಿಂದ.

ಹಾಗಾದರೆ ಈ ಎಣಿಕೆಯ ನಿಯಮವನ್ನು ಮಾಡಿದವರು ಯಾರು? ಒಲಿಂಪಿಕ್ ಸನ್ನದಿನ ಆರನೆಯ ನಿಯಮವು, ಈ ಕೂಟಗಳು ಕ್ರೀಡಾಪಟುಗಳ ನಡುವಿನ ಸ್ಪರ್ಧೆಗಳೇ ಹೊರತು ದೇಶಗಳ ನಡುವಿನವಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ದೇಶಗಳನ್ನು ಸಾಲಾಗಿ ನಿಲ್ಲಿಸುವ ರೂಢಿಯನ್ನು ಬೆಳೆಸಿದ್ದು ಮುಖ್ಯವಾಗಿ ಪತ್ರಿಕೆಗಳು ಮತ್ತು ಓದುಗರ ಕುತೂಹಲ. ಆದ್ದರಿಂದಲೇ ಎಲ್ಲ ಕಡೆ ಒಂದೇ ಕ್ರಮವಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್ ಮುಗಿದಾಗ ಚೀನಾದ ಬಳಿ 51 ಚಿನ್ನ ಸೇರಿ 100 ಪದಕಗಳಿದ್ದರೆ, ಅಮೆರಿಕದ ಬಳಿ 36 ಚಿನ್ನ ಸೇರಿ 110 ಇದ್ದವು. ಜಗತ್ತಿನ ಬಹುಪಾಲು ಪತ್ರಿಕೆಗಳು ಚೀನಾವನ್ನು ಮೇಲೆ ಬರೆದವು, ಅಮೆರಿಕದ ಅನೇಕ ಪತ್ರಿಕೆಗಳು ಒಟ್ಟು ಸಂಖ್ಯೆಯ ಆಧಾರದ ಮೇಲೆ ತಮ್ಮ ದೇಶವನ್ನೇ ಮೇಲೆ ಬರೆದವು. ಎರಡೂ ಲೆಕ್ಕಗಳಲ್ಲಿ ಕೂಡಿಸುವ ತಪ್ಪು ಇರಲಿಲ್ಲ.

ಮುದ್ರಣವಾದ ಪಟ್ಟಿ ಶಾಶ್ವತವೂ ಅಲ್ಲ. ಬೀಜಿಂಗಿನಲ್ಲಿ ಚಿನ್ನ ಗೆದ್ದಿದ್ದ ಚೀನಾದ ಮೂವರು ಮಹಿಳಾ ಭಾರ ಎತ್ತುಗಾರರ ಮಾದರಿಗಳನ್ನು ವರ್ಷಗಳ ಬಳಿಕ ಮರುಪರೀಕ್ಷಿಸಿದಾಗ ನಿಷೇಧಿತ ಮದ್ದು ಪತ್ತೆಯಾಗಿ, 2017ರಲ್ಲಿ ಅವರ ಪದಕಗಳು ಹೋದವು. 51 ಇದ್ದದ್ದು 48 ಆಯಿತು. ನಮಗೆ ಹತ್ತಿರದ ಉದಾಹರಣೆ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ್ದು. ಮಿಶ್ರ 4x400 ಮೀಟರ್ ರಿಲೇಯಲ್ಲಿ ಕರ್ನಾಟಕದ ಎಂ.ಆರ್. ಪೂವಮ್ಮ ಇದ್ದ ಭಾರತದ ತಂಡ ಬಹ್ರೇನಿನ ಹಿಂದೆ ಬೆಳ್ಳಿ ಗೆದ್ದಿತ್ತು. ಬಹ್ರೇನಿನ ಓಟಗಾರ್ತಿಯೊಬ್ಬರು ಮದ್ದು ಸೇವಿಸಿದ್ದು ಸಾಬೀತಾಗಿ 2020ರಲ್ಲಿ ಆ ಬೆಳ್ಳಿ ಚಿನ್ನವಾಯಿತು; ಅದೇ ಓಟಗಾರ್ತಿ ಗೆದ್ದಿದ್ದ 400 ಮೀಟರ್ ಹರ್ಡಲ್ಸ್‌ನಲ್ಲಿ ನಾಲ್ಕನೆಯವರಾಗಿದ್ದ ನಮ್ಮ ಅನು ರಾಘವನ್ ಅವರಿಗೆ ಕಂಚು ಬಂತು. ಕೂಟ ಮುಗಿದಾಗ 15 ಚಿನ್ನ ಸೇರಿ 69 ಎಂದು ನಾವು ಬರೆದುಕೊಂಡಿದ್ದ ಲೆಕ್ಕ 16 ಚಿನ್ನ ಸೇರಿ 70 ಆಯಿತು. ಆದರೆ ಗೆದ್ದ ದಿನ ವೇದಿಕೆಯ ಮೇಲೆ ನಿಂತು ರಾಷ್ಟ್ರಗೀತೆ ಕೇಳುವ ಭಾಗ್ಯವನ್ನು ಯಾವ ತಿದ್ದುಪಡಿಯೂ ಅವರಿಗೆ ಮರಳಿ ಕೊಡಲಾರದು ಎಂಬ ಸಂಕಟ ನನ್ನ ಮನಸ್ಸಿನಲ್ಲಿ ಉಳಿದಿದೆ.

ಪ್ಯಾರಿಸ್ ಪಟ್ಟಿಯಲ್ಲಿ ಭಾರತದ ಸಾಲು ಹೀಗಿತ್ತು: ಚಿನ್ನ ಇಲ್ಲ, ಬೆಳ್ಳಿ 1, ಕಂಚು 5, ಸ್ಥಾನ 71. ಒಂದೇ ಒಂದು ಪದಕ ಗೆದ್ದ ಪಾಕಿಸ್ತಾನ 62ನೆಯ ಸ್ಥಾನದಲ್ಲಿತ್ತು, ಏಕೆಂದರೆ ಆ ಒಂದು ಪದಕ ಚಿನ್ನದ್ದಾಗಿತ್ತು. ಅರ್ಷದ್ ನದೀಮ್ ಎಸೆದ ಈಟಿ 92.97 ಮೀಟರ್ ಹೋಯಿತು, ನೀರಜ್ ಚೋಪ್ರಾ ಅವರದ್ದು 89.45. ಮೂರೂವರೆ ಮೀಟರಿನ ಅಂತರ ಪಟ್ಟಿಯಲ್ಲಿ ಒಂಬತ್ತು ಮೆಟ್ಟಿಲಾಗಿ ಕಾಣಿಸಿತು. ಅದೇ ಕೂಟದಲ್ಲಿ ಕುಸ್ತಿಯ ಫೈನಲ್ ತಲುಪಿದ್ದ ವಿನೇಶ್ ಫೋಗಟ್ ಅವರ ತೂಕ ಮರುದಿನ ಬೆಳಿಗ್ಗೆ 50 ಕಿಲೋ ಮಿತಿಗಿಂತ 100 ಗ್ರಾಂ ಹೆಚ್ಚಿತ್ತೆಂದು ಅವರನ್ನು ಅನರ್ಹಗೊಳಿಸಿ ಕೊನೆಯ ಸ್ಥಾನಕ್ಕೆ ಇಳಿಸಲಾಯಿತು. ಆ ದಿನ ನಮ್ಮೂರ ತಾಲೀಮಿನಲ್ಲಿ ಪೈಲವಾನರು ಬಹಳ ಹೊತ್ತು ಮಾತಿಲ್ಲದೆ ಕುಳಿತದ್ದನ್ನು ನಾನು ಕಂಡಿದ್ದೇನೆ. ತೂಕ ಇಳಿಸಲು ನೀರು ಬಿಡುವ ಕಷ್ಟವನ್ನು ಅವರು ಬಲ್ಲರು.

140 ಕೋಟಿ ಜನರಿರುವ ದೇಶಕ್ಕೆ ಆರೇ ಪದಕಗಳೇ ಎಂದು ಪ್ರತಿ ಒಲಿಂಪಿಕ್ಸ್ ಮುಗಿದಾಗಲೂ ಕೇಳುತ್ತಾರೆ. ಕೇಳುವವರ ನೋವು ನನ್ನದೂ ಹೌದು, ಆದರೆ ಆ ಭಾಗಾಕಾರವನ್ನು ನಾನು ಒಪ್ಪುವುದಿಲ್ಲ. ಒಂದು ಸ್ಪರ್ಧೆಗೆ ಒಂದು ದೇಶ ಇಷ್ಟೇ ಜನರನ್ನು ಕಳಿಸಬಹುದೆಂಬ ಮಿತಿ ಉಂಟು. ಜನಸಂಖ್ಯೆ ಎಷ್ಟಿದ್ದರೂ ಕುಸ್ತಿಯ ಒಂದು ತೂಕದಲ್ಲಿ ಒಬ್ಬರೇ ಇಳಿಯಬಹುದು. ಭಾಗಿಸಬೇಕಾದದ್ದು ಜನರಿಂದಲ್ಲ, ಇಳಿದ ಸ್ಪರ್ಧೆಗಳಿಂದ. ಪ್ಯಾರಿಸಿಗೆ ಹೋದ ಭಾರತೀಯರು 117. ಈಜುಕೊಳದಲ್ಲಿ 35 ಚಿನ್ನದ ಪದಕಗಳಿದ್ದವು. ಅಲ್ಲಿಗೆ ನಮ್ಮಿಂದ ಇಳಿದವರು ಇಬ್ಬರು, ಶ್ರೀಹರಿ ನಟರಾಜ್ ಮತ್ತು 14 ವರ್ಷದ ಧಿನಿಧಿ ದೇಸಿಂಗು, ಇಬ್ಬರೂ ಕರ್ನಾಟಕದವರೇ. ಅತ್ತ ಹಾಕಿಯಲ್ಲಿ ಇಡೀ ತಂಡ ಎರಡು ವಾರ ಬೆವರು ಸುರಿಸಿ ಗೆದ್ದದ್ದು ಪಟ್ಟಿಯಲ್ಲಿ ಒಂದು ಎಂದಷ್ಟೇ ದಾಖಲಾಗುತ್ತದೆ. 1964ರ ಟೋಕಿಯೋದಲ್ಲಿ ಭಾರತ ಗೆದ್ದದ್ದು ಒಂದೇ ಪದಕ, ಪಾಕಿಸ್ತಾನವನ್ನು 1-0ಯಿಂದ ಮಣಿಸಿದ ಹಾಕಿಯ ಚಿನ್ನ. ಆ ತಂಡದಲ್ಲಿ ನಮ್ಮ ಬೆಳಗಾವಿಯ ಬಂಡು ಪಾಟೀಲರಿದ್ದರು. ಪಟ್ಟಿಯಲ್ಲಿ ಅವರೆಲ್ಲ ಸೇರಿ ಒಂದು ಅಂಕಿ.

ಪದಕಪಟ್ಟಿ ಮೂರನೆಯ ಸ್ಥಾನಕ್ಕೆ ಗೆರೆ ಎಳೆದು ನಿಲ್ಲುತ್ತದೆ. ಪ್ಯಾರಿಸಿನಲ್ಲಿ ಭಾರತೀಯರು ಆರು ಸ್ಪರ್ಧೆಗಳಲ್ಲಿ ನಾಲ್ಕನೆಯವರಾದರು. ಆ ಆರರ ಗುರುತು ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಈ ಗೆರೆಯ ಕೆಳಗೆ ಉಳಿದವರಲ್ಲಿ ನಮ್ಮ ಜಿಲ್ಲೆಯ ಒಬ್ಬರನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ. 1920ರಲ್ಲಿ ಆ್ಯಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತ ಮೊದಲ ಬಾರಿ ಒಂದು ತಂಡವನ್ನು ಕಳಿಸಿದಾಗ ಅದರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಅವರು ಮ್ಯಾರಥಾನ್ ಓಡಿದರು. ಅಂದಿನ ದಾರಿ ಇಂದಿನ 42.195 ಕಿಲೋಮೀಟರಿಗಿಂತ ಉದ್ದ, 42.75 ಕಿಲೋಮೀಟರ್. ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್ ಎರಡು ಗಂಟೆ 32 ನಿಮಿಷಗಳಲ್ಲಿ ಗುರಿ ಮುಟ್ಟಿ ಚಿನ್ನ ಗೆದ್ದರೆ, ಚೌಗುಲೆ ಎರಡು ಗಂಟೆ 50 ನಿಮಿಷಗಳಲ್ಲಿ 19ನೆಯವರಾಗಿ ಬಂದರು. ಹಡಗಿನಲ್ಲಿ ಸಾಗಿ, ಕಂಡರಿಯದ ಹವೆಯಲ್ಲಿ, ಈಗಿನ ತರಬೇತಿಯ ಯಾವ ಸೌಲಭ್ಯವೂ ಇಲ್ಲದ ಕಾಲದಲ್ಲಿ ಯುರೋಪಿನ ಅನುಭವಿ ಓಟಗಾರರ ನಡುವೆ ಪಡೆದ ಆ 19ನೆಯ ಸ್ಥಾನ ಸಣ್ಣದಲ್ಲ. 1920ರ ಪದಕಪಟ್ಟಿಯಲ್ಲಿ ಭಾರತದ ಹೆಸರೇ ಇಲ್ಲ.

ಇನ್ನು ಪಟ್ಟಿಯ ಏರಿಳಿತವನ್ನು ಆಟಗಾರರಿಗಿಂತ ಮೊದಲೇ ನಿರ್ಧರಿಸುವ ಒಂದು ಸಂಗತಿಯಿದೆ, ಅದು ಯಾವ ಯಾವ ಕ್ರೀಡೆಗಳು ಕೂಟದಲ್ಲಿವೆ ಎಂಬುದು. ಬ್ರಿಟನ್ 1996ರ ಅಟ್ಲಾಂಟಾದಲ್ಲಿ ಒಂದೇ ಚಿನ್ನ ಗೆದ್ದು 36ನೆಯ ಸ್ಥಾನಕ್ಕೆ ಕುಸಿದಿತ್ತು. ಆಮೇಲೆ ಲಾಟರಿಯ ಹಣವನ್ನು ಕ್ರೀಡೆಗೆ ತಿರುಗಿಸಿ, ಪದಕಗಳು ಹೆಚ್ಚಿದ್ದೂ ಪೈಪೋಟಿಯ ದೇಶಗಳು ಕಡಿಮೆಯಿದ್ದೂ ಇರುವ ಕ್ರೀಡೆಗಳನ್ನು ಆರಿಸಿಕೊಂಡಿತು. ಅವುಗಳಲ್ಲಿ ಮುಖ್ಯವಾದದ್ದು ವೆಲೊಡ್ರೋಮ್ ಎಂಬ ದುಂಡನೆಯ ಪಥದ ಅಂಗಣದಲ್ಲಿ ನಡೆಯುವ ಟ್ರ್ಯಾಕ್ ಸೈಕ್ಲಿಂಗ್. 2008ರಲ್ಲಿ ಆ ಅಂಗಣದ 10 ಚಿನ್ನಗಳಲ್ಲಿ 7 ಬ್ರಿಟನ್‌ಗೆ ಬಂದವು, 2012ರಲ್ಲಿಯೂ 7. ಅದೇ 2012ರಲ್ಲಿ ತನ್ನ ನೆಲದಲ್ಲಿ 29 ಚಿನ್ನ ಗೆದ್ದು ಅದು ಮೂರನೆಯ ಸ್ಥಾನಕ್ಕೆ ಏರಿತು. ವಿಜಯಪುರ, ಬಾಗಲಕೋಟೆಯ ರಸ್ತೆಗಳಲ್ಲಿ ಬೆಳಕು ಹರಿಯುವ ಮುನ್ನವೇ ಸೈಕಲ್ ತುಳಿಯುವ ಹುಡುಗ ಹುಡುಗಿಯರನ್ನು ನೋಡಿದಾಗಲೆಲ್ಲ ಈ ಅಂಕಿ ನನಗೆ ನೆನಪಾಗುತ್ತದೆ. ಒಳ್ಳೆಯ ಓಟದ ಪಥ, ಒಳ್ಳೆಯ ಸೈಕಲ್ ಮತ್ತು ಹತ್ತು ವರ್ಷಗಳ ತಾಳ್ಮೆ ಈ ಮಕ್ಕಳಿಗೆ ಸಲ್ಲಬೇಕಾದ ಸಾಲವೆಂದು ನಾನು ನಂಬಿದ್ದೇನೆ.

ಕುಸ್ತಿಯ ವಿಷಯ ಇದರ ತಿರುವು. 1952ರ ಹೆಲ್ಸಿಂಕಿಯಲ್ಲಿ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದ ಕೆ.ಡಿ. ಜಾಧವ್ ನಮ್ಮ ನೆರೆಯ ಕರಾಡದ ಸೀಮೆಯವರು; ಕೊಲ್ಹಾಪುರದಿಂದ ಬೆಳಗಾವಿ, ಮುಧೋಳ, ಜಮಖಂಡಿಯವರೆಗೆ ಗರಡಿಯ ಕೆಂಪು ಮಣ್ಣಿನ ನಂಟು ಒಂದೇ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಭಾರತ 22 ಚಿನ್ನ ಸೇರಿ 61 ಪದಕ ಗೆದ್ದು ನಾಲ್ಕನೆಯದಾದಾಗ, ಕುಸ್ತಿಯೊಂದರಿಂದಲೇ 6 ಚಿನ್ನ ಸೇರಿ 12 ಪದಕಗಳು ಬಂದಿದ್ದವು. ಆ ಕೂಟದಲ್ಲಿ ಶೂಟಿಂಗ್ ಇರಲಿಲ್ಲ. ಅದಕ್ಕೂ ಹಿಂದಿನ 2018ರ ಗೋಲ್ಡ್ ಕೋಸ್ಟ್ ಕೂಟದಲ್ಲಿ ಶೂಟಿಂಗ್ 7 ಚಿನ್ನ ಸೇರಿ 16 ಪದಕ ಕೊಟ್ಟು ನಮ್ಮನ್ನು ಮೂರನೆಯ ಸ್ಥಾನಕ್ಕೆ ಏರಿಸಿತ್ತು. 2026ರ ಗ್ಲಾಸ್ಗೋ ಕೂಟಕ್ಕೆ ಖರ್ಚು ಇಳಿಸುವ ಸಲುವಾಗಿ ಆಯ್ದುಕೊಂಡಿರುವುದು 10 ಕ್ರೀಡೆಗಳನ್ನು ಮಾತ್ರ. ಟ್ರ್ಯಾಕ್ ಸೈಕ್ಲಿಂಗ್ ಅದರಲ್ಲಿದೆ. ಕುಸ್ತಿ, ಬ್ಯಾಡ್ಮಿಂಟನ್, ಟೇಬಲ್ ಟೆನಿಸ್, ಹಾಕಿ, ಸ್ಕ್ವಾಷ್, ಕ್ರಿಕೆಟ್ ಇಲ್ಲ.

ಆದ್ದರಿಂದ ಗ್ಲಾಸ್ಗೋ ಪಟ್ಟಿಯನ್ನು ಬರ್ಮಿಂಗ್‌ಹ್ಯಾಮ್ ಪಟ್ಟಿಯ ಪಕ್ಕದಲ್ಲಿಟ್ಟು ನೋಡುವ ಕೇಳುಗರು ದಯವಿಟ್ಟು ಒಂದು ಕಳೆಯುವ ಲೆಕ್ಕ ಮಾಡಿಕೊಳ್ಳಬೇಕು. ಬರ್ಮಿಂಗ್‌ಹ್ಯಾಮಿನಲ್ಲಿ ಕುಸ್ತಿಯ 12, ಟೇಬಲ್ ಟೆನಿಸ್ಸಿನ 7, ಬ್ಯಾಡ್ಮಿಂಟನ್ನಿನ 6, ಹಾಕಿಯ 2, ಸ್ಕ್ವಾಷಿನ 2, ಕ್ರಿಕೆಟ್ಟಿನ 1, ಒಟ್ಟು 30 ಪದಕಗಳು ಈಗ ಕೈಬಿಟ್ಟ ಕ್ರೀಡೆಗಳಿಂದ ಬಂದವು, ಅವುಗಳಲ್ಲಿ 13 ಚಿನ್ನ. ಅವನ್ನು ಕಳೆದರೆ ಉಳಿಯುವುದು 9 ಚಿನ್ನ ಸೇರಿ 31. ಗ್ಲಾಸ್ಗೋದ ಅಂಕಿಯನ್ನು ಹೋಲಿಸಬೇಕಾದದ್ದು ಈ 31ರ ಜೊತೆಗೆ, 61ರ ಜೊತೆಗಲ್ಲ.

ನಮಸ್ಕಾರ.