ಬಾಯಿ ಕಟ್ಟು ಅನ್ನುವ ಮೊದಲು

ಮುಳಬಾಗಿಲು ದೋಸೆ ತಿಂದಿದ್ದೀರಾ? ದಪ್ಪಗೆ ಹುಯ್ದು, ಮೇಲೆ ಧಾರಾಳವಾಗಿ ತುಪ್ಪ ಬಿಟ್ಟು, ಅಂಚು ಕೆಂಪಗೆ ಗರಿಗರಿಯಾಗುವವರೆಗೆ ಬೇಯಿಸುವ ದೋಸೆ. ಹೋದ ತಿಂಗಳು ಕೋಲಾರದಿಂದ ಮನೆಮಂದಿಯೆಲ್ಲ ಹೋಗಿದ್ದೆವು. ನಮ್ಮ ದೊಡ್ಡಪ್ಪ ಎರಡನೇ ದೋಸೆಗೆ "ತುಪ್ಪ ಇನ್ನೊಂಚೂರು ಹಾಕಪ್ಪ" ಎಂದರು, ಅಷ್ಟೇ. ಎಲ್ಲರೂ ಶುರು ಮಾಡಿದರು. "ಬಾಯಿ ಕಟ್ಟಬೇಕು ಕಣಣ್ಣ, ಈ ವಯಸ್ಸಲ್ಲಿ ಇಷ್ಟೊಂದು ಚಪಲನಾ?" ದೊಡ್ಡಪ್ಪ ಮಾತಾಡಲಿಲ್ಲ. ಅರ್ಧ ದೋಸೆ ಬಿಟ್ಟು ಕೈ ತೊಳೆಯಲು ಎದ್ದು ಹೋದರು. ನನಗೆ ತುಂಬಾ ಬೇಜಾರಾಯಿತು.

ಯಾಕೆಂದರೆ ಇದು ಬರೀ ಚಪಲ ಅಲ್ಲ. ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದಲ್ಲಿ ರಸೆಲ್ ಕೀಸ್ಟ್ ಅವರ ತಂಡ, ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದವರೂ ಸೇರಿ, ಇದನ್ನೇ ಕೆದಕಿ ನೋಡಿತು. ಮೂರು ಲೋಟದಲ್ಲಿ ಕೆನೆ ತೆಗೆದ ಹಾಲು. ಒಂದಕ್ಕೆ ಮಾತ್ರ ಓಲಿಯಿಕ್ ಆಮ್ಲ ಬೆರೆಸಿರುತ್ತಾರೆ, ಅಂದರೆ ನಮ್ಮ ಎಣ್ಣೆ ತುಪ್ಪದಲ್ಲೂ ಇರುವ ಕೊಬ್ಬಿನ ಅಂಶ. ವಾಸನೆ ಸಿಗದ ಹಾಗೆ ಮೂಗಿಗೆ ಕ್ಲಿಪ್ಪು. ಯಾವ ಲೋಟ ಬೇರೆ ಅಂತ ಹೇಳಬೇಕು. ಕೆಲವರ ನಾಲಿಗೆಗೆ ಚೂರೇ ಚೂರು ಹಾಕಿದರೂ ಗೊತ್ತಾಗುತ್ತಿತ್ತು, ಇನ್ನು ಕೆಲವರಿಗೆ ಎಷ್ಟೋ ಜಾಸ್ತಿ ಹಾಕಬೇಕಾಗುತ್ತಿತ್ತು. ಬೇಗ ಗೊತ್ತಾಗುವವರು ಕೊಬ್ಬು ತಿನ್ನುವುದೂ ಕಡಿಮೆ, ಅವರ ಮೈತೂಕವೂ ಕಡಿಮೆ ಅಂತ 2010ರಲ್ಲಿ ಅವರು ಬರೆದರು.

ಅಂದರೆ ಒಂದೇ ತಟ್ಟೆಯಿಂದ ತಿಂದರೂ ನನಗೆ ಸಿಗುವ ತುಪ್ಪದ ರುಚಿ ದೊಡ್ಡಪ್ಪನಿಗೆ ಸಿಗದೇ ಇರಬಹುದು, ಅಲ್ವಾ?

ಇನ್ನೊಂದು ಪ್ರಯೋಗ ಕೇಂಬ್ರಿಜ್‌ನಲ್ಲಿ ಆಯಿತು, 2016ರದ್ದು, ಸದಾಫ್ ಫಾರೂಖಿ ಅವರ ತಂಡದ್ದು. ಅವರು ಬಡಿಸಿದ್ದು ಕೋಳಿ ಕುರ್ಮ! ಮೂರು ಬಗೆ, ನೋಡೋಕೆ ಒಂದೇ ಥರ, ಒಳಗಿನ ಕೊಬ್ಬು ಮಾತ್ರ ಹೆಚ್ಚು ಕಡಿಮೆ. ಎಂಸಿ4ಆರ್ ಎಂಬ ಜೀನ್‌ನಲ್ಲಿ ದೋಷ ಇದ್ದವರು, ಯಾವುದರಲ್ಲಿ ಏನಿದೆ ಅಂತ ಗೊತ್ತಿಲ್ಲದೆಯೇ, ಜಾಸ್ತಿ ಕೊಬ್ಬಿನ ಕುರ್ಮವನ್ನು ತೆಳ್ಳಗಿರುವವರಿಗಿಂತ ಹತ್ತಿರ ಹತ್ತಿರ ಎರಡರಷ್ಟು ತಿಂದರು. ಈ ದೋಷ ಎಲ್ಲರಲ್ಲೂ ಇರಲ್ಲ, ದಪ್ಪ ಇರುವ ನೂರು ಜನರಲ್ಲಿ ಸುಮಾರು ಒಬ್ಬರಿಗೆ. ಆದರೆ ಆ ಒಬ್ಬರಿಗೂ ನಾವು ಹೇಳುವುದು ಅದೇ ಬಾಯಿ ಕಟ್ಟು ತಾನೇ?

ಹಾಗಂತ ತುಪ್ಪ ಸುರಿಯಿರಿ ಅಂತ ನಾನು ಹೇಳುತ್ತಿಲ್ಲ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲರಿ, ಅನ್ನ ಮುದ್ದೆಯ ಹಿಟ್ಟಿನ ಅಂಶದಲ್ಲಿ 4. ಲೆಕ್ಕ ಲೆಕ್ಕವೇ. ಆದರೆ ಅದೇ ಡೀಕಿನ್ ತಂಡ ಆಮೇಲೆ ಇನ್ನೊಂದು ವಿಷಯ ಕಂಡುಕೊಂಡಿತು. ನಾಲ್ಕು ವಾರ ಜಿಡ್ಡು ಕಡಿಮೆ ಮಾಡಿದರೆ, ತೆಳ್ಳಗಿರಲಿ ದಪ್ಪಗಿರಲಿ, ನಾಲಿಗೆ ಕೊಬ್ಬನ್ನು ಮೊದಲಿಗಿಂತ ಬೇಗ ಗುರುತಿಸುತ್ತದೆ. ಬೈಗುಳ ತಿಂದು ಅಲ್ಲ, ಸುಮ್ನೆ ದಿನದಿನದ ಅಡುಗೆಯಿಂದ.

ಇದನ್ನು ದೊಡ್ಡಮ್ಮನಿಗೆ ಹೇಳಿದೆ. ಮೊದಲೆಲ್ಲ ಎಣ್ಣೆ ಕ್ಯಾನನ್ನೇ ಬಾಣಲೆಗೆ ಬಗ್ಗಿಸುತ್ತಿದ್ದರು, ಈಗ ಪಕ್ಕದಲ್ಲಿ ಒಂದು ಚಮಚ ಇಟ್ಟುಕೊಂಡಿದ್ದಾರೆ. ತಾವೂ ಅದನ್ನೇ ಉಣ್ಣುತ್ತಾರೆ, ದೊಡ್ಡಪ್ಪನಿಗೆ ಬೇರೆ ತಟ್ಟೆ, ಬೇರೆ ಸಾರು ಅಂತ ಇಲ್ಲ. ಎರಡು ವಾರ ಆಯಿತು. ಬಸ್ಸಾರಿನ ಒಗ್ಗರಣೆ ಸಪ್ಪೆ ಅಂತ ದೊಡ್ಡಪ್ಪ ಇನ್ನೂ ಮುಖ ಗಂಟು ಹಾಕುತ್ತಾರೆ. ಇನ್ನೆರಡೇ ವಾರ, ದೊಡ್ಡಪ್ಪ. ಆಮೇಲೆ ಮುಳಬಾಗಿಲಿಗೆ ನಾನೇ ಕರೆದುಕೊಂಡು ಹೋಗುತ್ತೇನೆ, ನಾವಿಬ್ಬರೇ.