ಗುಂಡಿ ಅವರೇ ಹಾಕಿಕೊಳ್ಳಲಿ ಬಿಡಿ!

ನಮಸ್ಕಾರ, ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಟುಕೊಂಡು ಕೂತಿದ್ದೆ. ಆದರೆ ಕಳೆದ ವಿಡಿಯೋ ಕೆಳಗೆ ಬಂದ ಒಂದು ಕಾಮೆಂಟ್ ಎರಡು ದಿನದಿಂದ ತಲೆ ತಿನ್ನುತ್ತಿದೆ. ಓದುತ್ತೇನೆ, ಕೇಳಿ. 'ಅಮ್ಮನನ್ನು ನೋಡಿಕೊಳ್ಳೋಕೆ ಮನೆಗೆ ಒಬ್ಬರನ್ನು ಇಟ್ಟಿದ್ದೇವೆ. ಅಮ್ಮ ಒದ್ದಾಡಿಕೊಂಡು ತಲೆ ಬಾಚಿಕೊಳ್ಳುವಾಗ ಆಕೆ ಪಕ್ಕದಲ್ಲಿ ಸುಮ್ನೆ ನಿಂತಿರುತ್ತಾಳೆ. ಇದಕ್ಕಾ ದುಡ್ಡು ಕೊಡೋದು?'

ಹೌದು ಸ್ವಾಮಿ. ಇದಕ್ಕೇ ಕೊಡೋದು!

ಸುಮ್ನೆ ನಿಲ್ಲುವುದೂ ಕೆಲಸ. ಬರೆದಿಟ್ಟುಕೊಳ್ಳಿ.

ನಮ್ಮ ಅಪ್ಪನಿಗೆ ಸ್ಟ್ರೋಕ್ ಆದಾಗ ಮೊದಲು ಬಂದ ಹುಡುಗ ಭಾರಿ ಚುರುಕು. ಏಜೆನ್ಸಿ ಹೆಸರು ಹೇಳಲ್ಲ, ಕೇಳಬೇಡಿ. ಅಪ್ಪ ಅಂಗಿಗೆ ಕೈ ಹಾಕುವಷ್ಟರಲ್ಲಿ ಐದೂ ಗುಂಡಿ ಹಾಕಿ ಮುಗಿಸಿರುತ್ತಿದ್ದ. ನಾವೆಲ್ಲ ಭೇಷ್ ಅಂದೆವು. ಮೂರು ತಿಂಗಳಲ್ಲಿ ಅಪ್ಪ ಗುಂಡಿ ಮುಟ್ಟುವುದನ್ನೇ ಬಿಟ್ಟರು. ಎದೆ ಮುಂದೆ ಮಾಡಿ ನಿಂತುಬಿಡುತ್ತಿದ್ದರು, ಸ್ಕೂಲಿಗೆ ಹೊರಟ ಮಗುವಿನ ಹಾಗೆ.

ಆಮೇಲೆ ಬಂದವರು ಬೇರೆ ಥರ. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿದರು. ಬಲ ಇಲ್ಲದ ಕೈಯನ್ನು ಮೊದಲು ತೋಳಿಗೆ ತೂರಿಸಿದರು. ಕೆಳಗಿನ ಗುಂಡಿಯಿಂದ ಶುರು, ಅದಾದರೆ ಕಣ್ಣಿಗೆ ಕಾಣುತ್ತದೆ. ಅಪ್ಪ ಹೆಬ್ಬೆರಳಲ್ಲಿ ತಳ್ಳುತ್ತಾರೆ, ಜಾರುತ್ತದೆ. ಮತ್ತೆ ತಳ್ಳುತ್ತಾರೆ, ಮತ್ತೆ ಜಾರುತ್ತದೆ. ಆಕೆ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದಾರೆ. ಬಾಗಿಲಲ್ಲಿ ನಿಂತ ನನಗೆ ಕೈ ಕಡಿಯುತ್ತಿತ್ತು. ಆಕೆ ತಿರುಗಿ, 'ನೀವು ಸ್ವಲ್ಪ ಆಚೆ ಇರಿ' ಅಂದರು. ನನ್ನ ಮನೆಯಲ್ಲಿ ನನಗೇ!

ಒಂದು ಅಂಗಿಗೆ ಇಪ್ಪತ್ತು ನಿಮಿಷ. ಆದರೆ ಆ ಇಪ್ಪತ್ತು ನಿಮಿಷ ಅಪ್ಪನದು.

ಇದು ನನ್ನ ತಲೆಯಲ್ಲಿ ಹುಟ್ಟಿದ ಮಾತಲ್ಲ. 1963ರಲ್ಲಿ ಸಿಡ್ನಿ ಕಾಟ್ಜ್ ಎಂಬ ವೈದ್ಯರು, ಜೊತೆಗಾರರೊಂದಿಗೆ, ಒಂದು ಪಟ್ಟಿ ಪ್ರಕಟಿಸಿದರು. ಸ್ನಾನ, ಬಟ್ಟೆ, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಆರೇ ಆರು. ಇವತ್ತಿಗೂ ಬಳಸುತ್ತಾರೆ. ಅದು ಕೇಳುವುದು ಎಷ್ಟು ಕಾಯಿಲೆ ಇದೆ ಅಂತಲ್ಲ. ಯಾವುದನ್ನು ತಾವೇ ಮಾಡಿಕೊಳ್ಳುತ್ತಾರೆ ಅಂತ. ನಮ್ಮ ಚುರುಕು ಹುಡುಗ ಆರರಲ್ಲಿ ಒಂದನ್ನು ಕಿತ್ತುಕೊಂಡಿದ್ದ. ನಾವು ಭೇಷ್ ಅಂದಿದ್ದೆವು.

1976ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಕೇಳಿ. ಎಲೆನ್ ಲ್ಯಾಂಗರ್, ಜುಡಿತ್ ರೋಡಿನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಎಲ್ಲರಿಗೂ ಗಿಡ ಕೊಟ್ಟರು. ಒಂದು ಮಹಡಿಯವರಿಗೆ ಗಿಡ ನೀವೇ ನೋಡಿಕೊಳ್ಳಿ ಅಂದರು. ಇನ್ನೊಂದು ಮಹಡಿಯವರಿಗೆ, ನೀರು ಸಿಬ್ಬಂದಿ ಹಾಕುತ್ತಾರೆ ಅಂದರು. ಯಾರು ಹೆಚ್ಚು ಲವಲವಿಕೆಯಿಂದ ಇದ್ದರು ಹೇಳಿ? ನೀರು ಹಾಕಿದವರು! ಅದು ಸಣ್ಣ ಅಧ್ಯಯನ, ಮನೆಯದ್ದಲ್ಲ ಅಂತೀರಾ? ಅನ್ನಿ. ಗಿಡಕ್ಕೆ ನೀರು ಹಾಕೋಕೂ ಬಿಡದವರ ಹತ್ತಿರ ನನಗೇನು ವಾದ.

ಅಂದಹಾಗೆ, ಸಬ್‌ಸ್ಕ್ರೈಬ್ ಬಟನ್ ಒಂದಿದೆ. ಅದನ್ನೂ ನೀವೇ ಒತ್ತಬೇಕು, ನಾನು ಪಕ್ಕದಲ್ಲಿ ಸುಮ್ನೆ ನಿಂತಿರುತ್ತೇನೆ.

'ಬಿದ್ದರೆ?' ಇದೊಂದು ಬ್ರಹ್ಮಾಸ್ತ್ರ ಇದೆಯಲ್ಲ ನಿಮ್ಮ ಹತ್ತಿರ. ಬೀಳಬಹುದು, ನಿಜ. ಬಾತ್‌ರೂಮಿಗೆ ಹಿಡಿಕೆ ಹಾಕಿಸಿ. ಜಾರುವ ಚಾಪೆ ತೆಗೆಯಿರಿ. ರಾತ್ರಿ ಒಂದು ದೀಪ ಉರಿಯಲಿ. ಅದು ಬಿಟ್ಟು ಮಂಚದಲ್ಲೇ ಮಲಗಿಸಿದರೆ ಕಾಲಿನ ಕಸುವು ಹೋಗುತ್ತದೆ, ಎದ್ದ ದಿನ ಬೀಳುವ ಭಯ ಇನ್ನೂ ಜಾಸ್ತಿ. 'ಮರೆವಿನ ಕಾಯಿಲೆ ಇದ್ದರೆ?' ಮೊದಲು ಬಾಚಣಿಗೆ ಕೈಗೆ ಕೊಟ್ಟು ನೋಡಿ, ಆಮೇಲೆ ಮಾತಾಡಿ. 'ಟೈಮ್ ಇಲ್ಲ.' ನನ್ನ ವಿಡಿಯೋ ಕೆಳಗೆ ಜಗಳ ಆಡೋಕೆ ಟೈಮ್ ಇದೆ, ಅಲ್ವಾ?

ಸುಮ್ನೆ ನಿಲ್ಲುವುದೂ ಕೆಲಸ. ಅಲ್ಲ, ಅದೇ ಜಾಸ್ತಿ ಕಷ್ಟದ ಕೆಲಸ. ನನ್ನ ಕೈಲಂತೂ ಆಗಲ್ಲ, ನೋಡಿ, ಶುರು ಮಾಡಿದಾಗಿಂದ ಬಾಯಿ ಮುಚ್ಚಿಲ್ಲ. ಸ್ಕ್ರಿಪ್ಟ್ ಎರಡು ಪೇಜ್ ಹಿಂದೆಯೇ ಮುಗಿದಿದೆ.

ಆ ಕಾಮೆಂಟ್ ಹಾಕಿದವರೇ, ಉತ್ತರ ಬರೆಯಿರಿ, ಕಾಯುತ್ತಿರುತ್ತೇನೆ. ಅಮ್ಮನ ಕೈಯಲ್ಲೇ ಟೈಪ್ ಮಾಡಿಸಿದರೆ ಇನ್ನೂ ಸಂತೋಷ. ತಪ್ಪಾದರೂ ತಿದ್ದಬೇಡಿ.